ಶೇಕಡಾ ಸರಿ, ಯಾವುದರ ಮೇಲೆ?

ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಲೆಕ್ಕಪತ್ರದ ಆಫೀಸಿಗೆ ಕೆಲಸ ಕೇಳಿಕೊಂಡು ಬರುವ ಬಿ.ಕಾಂ. ಹುಡುಗ ಹುಡುಗಿಯರಿಗೆ ನಾನು ಕೊಡುವುದು ಒಂದೇ ಲೆಕ್ಕ. ‘ಶೇ 18 ಜಿಎಸ್‌ಟಿ ಸೇರಿ ಬಿಲ್ 1,180 ರೂಪಾಯಿ. ಅದರಲ್ಲಿ ತೆರಿಗೆ ಎಷ್ಟು?’ ಡಿಸ್ಟಿಂಕ್ಷನ್ ಬಂದವರೂ ಮೊಬೈಲ್ ತೆಗೆದು ಒತ್ತಿ, 212 ರೂಪಾಯಿ 40 ಪೈಸೆ ಅಂತಾರೆ. ಸರಿ ಉತ್ತರ 180. ಓದು ಇದೆ, ಲೆಕ್ಕದ ಕೈ ಕೂತಿಲ್ಲ. ಕೂರಿಸುವುದು ಹೀಗೆ.

ಹಂತ 1: ಮಗ್ಗಿ, 20ರವರೆಗೆ. ನಾಚಿಕೆ ಬಿಟ್ಟು ಬಾಯಿಪಾಠ ಮಾಡಿ.

ಹಂತ 2: ಎಲ್ಲರೂ ಜಾರುವುದು ಇಲ್ಲೇ. ಶೇಕಡಾ ಅಂತ ಕಿವಿಗೆ ಬಿದ್ದ ಕೂಡಲೇ ‘ಯಾವುದರ ಮೇಲೆ?’ ಅಂತ ಕೇಳಿಕೊಳ್ಳಿ. ತೆರಿಗೆ ಹಾಕಿದ್ದು ಮೂಲ ಬೆಲೆಯ ಮೇಲೆ, ಬಿಲ್ಲಿನ ಮೊತ್ತದ ಮೇಲಲ್ಲ. ಮೂಲ ಬೆಲೆ 100 ಆದರೆ ಬಿಲ್ 118. ಹಾಗಾಗಿ 1,180ನ್ನು 118ರಿಂದ ಭಾಗಿಸಿ 100ರಿಂದ ಗುಣಿಸಿ: 1,000. ಉಳಿದ 180 ತೆರಿಗೆ, ಕೇಂದ್ರಕ್ಕೆ 90, ರಾಜ್ಯಕ್ಕೆ 90. ಅನುಮಾನವಿದ್ದರೆ ತಿರುಗಿಸಿ ನೋಡಿ. 1,180ರಲ್ಲಿ 212.40 ಕಳೆದರೆ 967.60, ಅದಕ್ಕೆ ಶೇ 18 ಕೂಡಿಸಿದರೆ 1,141.77. ಬಿಲ್ಲಿಗೆ ಮುಟ್ಟಲೇ ಇಲ್ಲ!

ಅಂಗಡಿ ಲಾಭದ್ದೂ ಇದೇ ಕಥೆ. 80ಕ್ಕೆ ತಂದು 100ಕ್ಕೆ ಮಾರಿದರೆ ಕೊಂಡ ಬೆಲೆಯ ಮೇಲೆ ಲಾಭ ಶೇ 25, ಮಾರಿದ ಬೆಲೆಯ ಮೇಲೆ ಶೇ 20. ಗಾಂಧಿ ಬಜಾರಿನಲ್ಲಿ ಯಾರಾದರೂ ‘ಇಪ್ಪತ್ತು ಪರ್ಸೆಂಟ್ ಸಿಗುತ್ತೆ’ ಅಂದರೆ ಯಾವುದೆಂದು ಕೇಳಿಯೇ ಬರೆದುಕೊಳ್ಳಿ. ಅಡಿಕೆಯವರ ಮನೆ ಮಕ್ಕಳಿಗೆ ಇನ್ನೊಂದು: ರಾಶಿ ಅನ್ನುವ ಬಗೆಯ ಅಡಿಕೆ ಕ್ವಿಂಟಲಿಗೆ 50,000 ಇದ್ದದ್ದು ಶೇ 20 ಏರಿತು, ಆಮೇಲೆ ಶೇ 20 ಇಳಿಯಿತು ಅನ್ನಿ. ‘ಅಲ್ಲಿಗಲ್ಲಿಗೆ ಆಯ್ತಲ್ಲ ಸಾರ್’ ಅಂದವರೇ ಹೆಚ್ಚು. ಇಳಿದದ್ದು 60,000ದ ಮೇಲೆ, ಕೈಗೆ ಬರುವುದು 48,000.

ದಿನಕ್ಕೆ ಐದು ಬಿಲ್ ಸಾಕು, ಮನೆಯಲ್ಲಿ ಬಿದ್ದಿರುವವೇ ಆಗಲಿ. ಉತ್ತರ ಎಷ್ಟರ ಸುತ್ತ ಬರಬೇಕೆಂದು ಮೊದಲು ಪೆನ್ಸಿಲಿನಲ್ಲಿ ಗುರುತಿಸಿ, ಆಮೇಲೆ ಕ್ಯಾಲ್ಕುಲೇಟರ್. ‘ಹತ್ತು ದಿನದಲ್ಲಿ ಸ್ಪೀಡ್ ಮ್ಯಾತ್ಸ್’ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಅದರಲ್ಲಿ ವೇಗ ಇದೆ, ‘ಯಾವುದರ ಮೇಲೆ’ ಇಲ್ಲ.

ಹಂತ 3: ಓದಿದ್ದನ್ನು ಪುಸ್ತಕ ಮುಚ್ಚಿ ಅರ್ಧ ಪುಟ ಬರೆಯಿರಿ. ಝೆರಾಕ್ಸ್ ಅಂಗಡಿಯ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಪಾಸು ಮಾಡಿಸುತ್ತದೆ, ಅಷ್ಟೇ.

ಹಂತ 4: ಎಕ್ಸೆಲ್‌ನಲ್ಲಿ ತೆರಿಗೆ ದರವನ್ನು ಸೂತ್ರದೊಳಗೆ ತುರುಕಬೇಡಿ, ಬೇರೆ ಸೆಲ್‌ನಲ್ಲಿಡಿ. 2025ರ ಸೆಪ್ಟೆಂಬರ್ 22ರಂದು ಶೇ 12 ಮತ್ತು 28ರಲ್ಲಿದ್ದ ಬಹುಪಾಲು ಸರಕು ಶೇ 5 ಅಥವಾ 18ಕ್ಕೆ ಬಂದಾಗ, ಸೂತ್ರದಲ್ಲೇ 12 ಬರೆದಿದ್ದ ನಮ್ಮ ಹುಡುಗ ಎರಡು ರಾತ್ರಿ ಕೂತು ತಿದ್ದಿದ.

ಹಂತ 5: ಬಯೋಡೇಟಾ. ‘ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್’ ಹೊಡೆದು ಹಾಕಿ, ಮಾಡಿದ ಕೆಲಸ ಬರೆಯಿರಿ. ತೀರ್ಥಹಳ್ಳಿ ಕಡೆಯ ಒಬ್ಬಳು ಮನೆಯ ಅಡಿಕೆ ಸುಲಿತದ ಲೆಕ್ಕದ ಪುಸ್ತಕವನ್ನೇ ಚೀಲದಲ್ಲಿ ತಂದಿದ್ದಳು. ಯಾರು ಎಷ್ಟು ಕೆ.ಜಿ. ಸುಲಿದರು, ಮುಂಗಡ ಎಷ್ಟು, ಬಾಕಿ ಎಷ್ಟು. ಪುಟಕ್ಕೆಲ್ಲ ಚೊಗರಿನ ಕಲೆ. ಒಂದು ಕಡೆ ಮೊತ್ತ ಹೊಡೆದು ಕೆಂಪು ಪೆನ್ನಲ್ಲಿ ‘ತಪ್ಪು, 40 ರೂ. ಜಾಸ್ತಿ ಕೊಟ್ಟಿದ್ದೇನೆ, ಮುಂದಿನ ವಾರ ಹಿಡಿಯಬೇಕು’ ಅಂತ ಬರೆದಿದ್ದಳು. ಅವಳಿಗೆ 1,180ರ ಲೆಕ್ಕ ನಾನು ಕೊಡಲಿಲ್ಲ.