ವರ್ಷಾಂತ್ಯದ ಶುಭಾಶಯ ಕಾರ್ಡುಗಳು: ಕೊನೆಯ ಗಳಿಗೆಯ ಧಾವಂತ ಬೇಡ

ಅಮೆರಿಕದಲ್ಲಿ ನೆಲೆಸಿರುವ ಆತ್ಮೀಯರೇ, ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ಕುಟುಂಬದ ಫೋಟೊ ಇರುವ ಕಾರ್ಡುಗಳನ್ನು ಕಳುಹಿಸುವವರು ಅಕ್ಟೋಬರ್‌ನಲ್ಲೇ ವಿಳಾಸಗಳನ್ನು ಕಲೆಹಾಕಲು ಆರಂಭಿಸುವುದು ಒಳ್ಳೆಯದು, ಏಕೆಂದರೆ ಹೆಚ್ಚು ಸಮಯ ಹಿಡಿಯುವುದು ಅದೇ ಕೆಲಸ. ಒಂದು ಮನೆಗೆ ಒಂದು ಸಾಲಿನಂತೆ ಎಕ್ಸೆಲ್‌ನಲ್ಲಿ ಬರೆದಿಟ್ಟುಕೊಂಡರೆ ಮರುವರ್ಷ ಮನೆ ಬದಲಿಸಿದವರನ್ನಷ್ಟೇ ವಿಚಾರಿಸಿದರೆ ಸಾಕು.

ಕಾರ್ಡಿನ ಅಂದಕ್ಕಿಂತ ಮೊದಲು ಲಕೋಟೆಯ ಆಕಾರವನ್ನು ಗಮನಿಸಿ. ಚೌಕಾಕಾರದ ಲಕೋಟೆಗಳಿಗೆ ಮತ್ತು ರಿಬ್ಬನ್, ಗುಂಡಿಗಳಿಂದಾಗಿ ಉಬ್ಬುತಗ್ಗಾಗಿರುವ ಲಕೋಟೆಗಳಿಗೆ ಅಲ್ಲಿನ ಅಂಚೆ ಇಲಾಖೆ ಹೆಚ್ಚುವರಿ ಶುಲ್ಕ ವಿಧಿಸುತ್ತದೆ. ಅಮೆರಿಕದೊಳಗೇ ಹೋಗುವ ಆಯತಾಕಾರದ ತೆಳು ಲಕೋಟೆಗೆ ಒಂದು ಫಾರೆವರ್ ಸ್ಟ್ಯಾಂಪ್ (ಮುಂದೆ ಅಂಚೆ ದರ ಏರಿದರೂ ಸಲ್ಲುವ ಅಂಚೆಚೀಟಿ) ಸಾಕಾಗುತ್ತದೆ.

ಊರಿಗೆ ಹೋಗುವ ಕಾರ್ಡುಗಳದ್ದೇ ಬೇರೆ ಲೆಕ್ಕ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂವರೆಗಿನ ಪತ್ರಕ್ಕೆ ವಿದೇಶಗಳಿಗೆ ಕಳುಹಿಸಲೆಂದೇ ಇರುವ ಗ್ಲೋಬಲ್ ಫಾರೆವರ್ ಸ್ಟ್ಯಾಂಪ್ ಒಂದನ್ನು ಅಂಟಿಸಿದರಾಯಿತು, ಆದರೆ ತಲುಪಲು ವಾರಗಳೇ ಹಿಡಿಯಬಹುದಾದ್ದರಿಂದ ಇವನ್ನು ನವೆಂಬರ್ ಮಧ್ಯದೊಳಗೆ ಅಂಚೆಗೆ ಹಾಕಿಬಿಡಿ. ಮನೆ ಸಂಖ್ಯೆ, ಕ್ರಾಸ್, ಮೇನ್, ಬಡಾವಣೆ, ಆರಂಕಿಯ ಪಿನ್‌ಕೋಡ್ ಬರೆದು, ಕೊನೆಯ ಸಾಲಿನಲ್ಲಿ ದೇಶದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನಮೂದಿಸಿ. ‘ಗಣಪತಿ ದೇವಸ್ಥಾನದ ಎದುರು’ ಎಂಬಂಥ ಗುರುತನ್ನೂ, ಮನೆಯವರ ಒಪ್ಪಿಗೆಯಿದ್ದರೆ ಮೊಬೈಲ್ ಸಂಖ್ಯೆಯನ್ನೂ ಸೇರಿಸಿದರೆ ಪೋಸ್ಟ್‌ಮ್ಯಾನ್‌ಗೆ ಮನೆ ಹುಡುಕುವುದು ಸುಲಭವಾಗುತ್ತದೆ.

ಅಚ್ಚಾದ ಶುಭಾಶಯದ ಕೆಳಗೆ ಕೈಬರಹದಲ್ಲಿ ಎರಡು ಸಾಲು ಬರೆಯುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಊರಿನ ಹಿರಿಯರು ಮೊದಲು ಓದುವುದು ಅದನ್ನೇ. ದಿನಕ್ಕೆ ಐದಾರು ಕಾರ್ಡುಗಳಂತೆ, ಮಕ್ಕಳಿಗೆ ಸ್ಟ್ಯಾಂಪ್ ಅಂಟಿಸುವ ಕೆಲಸ ಕೊಟ್ಟು ಬರೆಯುತ್ತಾ ಹೋದರೆ ಕೈಯೂ ಸೋಲುವುದಿಲ್ಲ, ಬರೆಯುವ ಮಾತೂ ಯಾಂತ್ರಿಕವಾಗುವುದಿಲ್ಲ.