ಚಾವಡಿಯ ಕತ್ತಲೆ ತಾಮ್ರಕ್ಕೆ ಇಳಿದದ್ದು

ಉಡುಪಿ ಹತ್ತಿರದ ನಮ್ಮ ಹಳೇ ಮನೆಯ ಚಾವಡಿಗೆ ಬೆಳಕು ಇಳಿಯುವುದು ಒಂದೇ ಒಂದು ಗಾಜಿನ ಹಂಚಿನಿಂದ. ಬೇಸಗೆಯ ಒಂದು ಮಧ್ಯಾಹ್ನ ಟ್ರೈಪಾಡ್ ಇಟ್ಟು 8 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟೆ. ಕಾವಿ ನೆಲ, ಕಂಬ, ಬಾಗಿಲಿನ ಕೆತ್ತನೆ ಎಲ್ಲ ಬಂತು. ಅಟ್ಟದ ಕೆಳಗಿನ ಮೂಲೆ ಮಾತ್ರ ಬರೀ ಮಸಿ. ಇದನ್ನು ಎಚಿಂಗ್ ಮಾಡಬೇಕು ಅನ್ನಿಸಿತು: ತಾಮ್ರದ ತಗಡನ್ನು ರಾಸಾಯನಿಕದಲ್ಲಿ ಕೊರೆದು, ಆ ತಗ್ಗುಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ ಕಾಗದಕ್ಕೆ ಅಚ್ಚೊತ್ತುವುದು.

ಫೋಟೋವನ್ನು ಲೋಹಕ್ಕೆ ಇಳಿಸುವುದು ಹೊಸತೇನಲ್ಲ. ಫೋಟೋಗ್ರಫಿಯ ಮೊದಲಿಗರಲ್ಲಿ ಒಬ್ಬನಾದ ಇಂಗ್ಲೆಂಡಿನ ಟಾಲ್ಬಟ್ 1852ರಲ್ಲೇ ಪೇಟೆಂಟ್ ಪಡೆದಿದ್ದ, 1879ರಲ್ಲಿ ಚೆಕ್ ಕಲಾವಿದ ಕಾರೆಲ್ ಕ್ಲಿಚ್ ಅದನ್ನು ಪಳಗಿಸಿದ. ಅವರದ್ದು ಬೆಳಕಿಗೆ ಗಟ್ಟಿಯಾಗುವಂತೆ ಡೈಕ್ರೋಮೇಟ್ ಬೆರೆಸಿದ ಜಿಲೆಟಿನ್. ನನ್ನದು ಸರ್ಕ್ಯೂಟ್ ಬೋರ್ಡ್ ಮಾಡುವವರ ನೀಲಿ ಫೋಟೋಪಾಲಿಮರ್ ಫಿಲ್ಮ್.

ಕೆಲಸಕ್ಕೆ ಕೂತದ್ದು ಆಟಿ ತಿಂಗಳಲ್ಲಿ, ಡಬ್ಬಿಯ ಉಪ್ಪೂ ನೀರಾಗುವ ಹೊತ್ತಲ್ಲಿ. ಎರಡು ತಗಡಿನ ಮೇಲೆ ಫಿಲ್ಮ್ ಗುಳ್ಳೆ ಎದ್ದು ಹಾಳಾಯಿತು. ಮೂರನೆಯದನ್ನು ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿಕೊಂಡು ಅಂಟಿಸಿದೆ, ನಿಂತಿತು. ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ಹಾಕಿಸಿದ ಫೋಟೋವನ್ನು ಮೇಲಿಟ್ಟು ಯುವಿ ದೀಪ ಹಿಡಿದರೆ, ಬೆಳಕು ತಾಗಿದ ಫಿಲ್ಮ್ ಗಟ್ಟಿಯಾಗುತ್ತದೆ. ಕಪ್ಪಿನಡಿಯಲ್ಲಿ ಉಳಿದದ್ದು ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕರಗಿ ಹೋಗುತ್ತದೆ. ಹಾಗೆ ಬಯಲಾದ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣ ತಿನ್ನುತ್ತದೆ. ತಗಡನ್ನು ಕವುಚಿ ಮುಳುಗಿಸಬೇಕು, ಇಲ್ಲದಿದ್ದರೆ ಗಸಿ ಗೀರುಗಳಲ್ಲೇ ಕೂರುತ್ತದೆ.

ಮೊದಲ ಪ್ರಿಂಟ್ ತೆಗೆದಾಗ ನಗು ಬಂತು. ಎಲ್ಲಕ್ಕಿಂತ ಕಪ್ಪಾಗಬೇಕಿದ್ದ ಮೂಲೆಯೇ ಬೂದಿ ಬಣ್ಣ! ಅಗಲಕ್ಕೆ ಬಯಲಾದ ತಾಮ್ರ ಒಂದೇ ಸಮನೆ ಸವೆದು ತಟ್ಟೆಯಂತಾಗಿತ್ತು. ಒರೆಸುವಾಗ ಶಾಯಿ ಅಂಚಿನಲ್ಲಷ್ಟೇ ಉಳಿದು ನಡುವಿನದ್ದೆಲ್ಲ ಬಟ್ಟೆಗೆ ಬಂದಿತ್ತು. ಕತ್ತಲೆಗೂ ಹಿಡಿದುಕೊಳ್ಳಲು ತರಿ ಬೇಕು. ಅದಕ್ಕಾಗಿ ಚುಕ್ಕೆಗಳ ಸ್ಕ್ರೀನ್ ಇಟ್ಟು ಒಂದು ಎಕ್ಸ್‌ಪೋಷರ್ ಮೊದಲೇ ಕೊಡಬೇಕಿತ್ತು, ಸೋಮಾರಿತನ ಮಾಡಿದ್ದೆ.

ಫಿಲ್ಮ್ ಕಿತ್ತು, ತರಿಗಾಗಿ ಆ ಮೂಲೆಗೆ ರಾಳದ ಪುಡಿ ಉದುರಿಸಿ, ಅಡಿಯಿಂದ ಬಿಸಿ ಮಾಡಿ ಅಂಟಿಸಿ, ಉಳಿದ ಭಾಗಕ್ಕೆ ವಾರ್ನಿಶ್ ಬಳಿದು ಮತ್ತೆ ಮುಳುಗಿಸಿದೆ. ಕಪ್ಪು ಕೂತಿತು. ಅದರ ಅಂಚಿಗೆ, ಬೆಳಕು ಸಾಯುವ ಜಾಗದಲ್ಲಿ, ಕ್ಯಾಮೆರಾ ಕಾಣದ್ದನ್ನು ಸೂಜಿಯಲ್ಲಿ ಗೀರಿದೆ: ನಾನು ಚಿಕ್ಕವನಿದ್ದಾಗ ಅಲ್ಲಿರುತ್ತಿದ್ದ ಎರಡು ಅಕ್ಕಿಮುಡಿ, ಹುಲ್ಲಿನ ಹಗ್ಗದ ಸುತ್ತುಗಳ ಸಮೇತ.

ಪ್ರಿಂಟ್ ನೋಡಿದ ದೊಡ್ಡಮ್ಮ, "ಬಾಗಿಲು ಯಾಕೆ ಆಚೆ ಬದಿಗೆ ಹೋಯ್ತು ಮಾರಾಯ?" ಅಂದರು. ಹೌದು, ಅಚ್ಚಿನಲ್ಲಿ ಎಡ ಬಲ ತಿರುಗುತ್ತದೆಂಬುದನ್ನೇ ಮರೆತಿದ್ದೆ. ಕನ್ನಡಕ ಏರಿಸಿ ಮೂಲೆಯನ್ನು ಮತ್ತೊಮ್ಮೆ ನೋಡಿ, "ಮುಡಿ ಎರಡಲ್ಲ, ಮೂರು ಇತ್ತು" ಅಂದರು.

ಬಾಗಿಲನ್ನು ತಿರುಗಿಸಲು ಹೊಸ ತಗಡೇ ಬೇಕು. ಮುಡಿಗೆ ಸೂಜಿ ಸಾಕು. ಅದನ್ನು ಆ ರಾತ್ರಿಯೇ ಗೀರಿದೆ.