ಚಂದ್ರನ ನೆಲಕ್ಕೊಂದು ಸಲಕರಣೆ: ವಿದ್ಯಾರ್ಥಿ ಸ್ಪರ್ಧೆಗೆ ಸಿದ್ಧರಾಗುವುದು ಹೇಗೆ?

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಈಗ ಕಾರ್ಬನ್ ಫೈಬರ್ ದೋಟಿ ಬಳಕೆಗೆ ಬಂದಿದೆ. ಮರ ಹತ್ತುವವರು ಸಿಗದಿದ್ದಾಗ ನೆಲದಲ್ಲೇ ನಿಂತು ಗೊನೆ ಕೊಯ್ಯಲು ಅದು ನೆರವಾಗುತ್ತದೆ. ಅಪೋಲೊ ಗಗನಯಾತ್ರಿಗಳು ಚಂದ್ರನ ಮೇಲೆ ಕಲ್ಲು ಹೆಕ್ಕಿದ ಉದ್ದ ಹಿಡಿಯ ಇಕ್ಕುಳವೂ ಅದೇ ಜಾತಿಯದು. ಗಾಳಿ ತುಂಬಿ ಬಿಗಿದ ಉಡುಪಿನೊಳಗೆ ಬಗ್ಗಲು ಕಷ್ಟಪಡುವವರಿಗೆ ಅದು ಕೈಯನ್ನು ಉದ್ದ ಮಾಡಿಕೊಟ್ಟಿತು. ಇಂತಹ ಸಲಕರಣೆಗಳನ್ನು ರೂಪಿಸುವ ಸ್ಪರ್ಧೆಗಳಿಗೆ ಹೊರಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು ರಾಕೆಟ್ಟಿನಿಂದಲ್ಲ, ದೋಟಿ ಹಿಡಿದ ಕೈಯಿಂದ ಯೋಚನೆ ಆರಂಭಿಸುವುದು ಲೇಸು.

ಮೊದಲು ಸ್ಪರ್ಧೆಯನ್ನು ಆರಿಸಿಕೊಳ್ಳಬೇಕು. ನಾಸಾ ರೂಪಿಸಿದ ಮೈಕ್ರೋ-ಜಿ ನೆಕ್ಸ್ಟ್ ಎಂಬ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳ ಸಲಕರಣೆಗಳನ್ನು, ತೂಕವಿಲ್ಲದ ಸ್ಥಿತಿಯನ್ನು ಹೋಲುವಂತೆ, ಹ್ಯೂಸ್ಟನ್ನಿನ ಸುಮಾರು 12 ಮೀಟರ್ ಆಳದ ಕೊಳದಲ್ಲಿ ಮುಳುಗುಗಾರರು ಪರೀಕ್ಷಿಸುತ್ತಿದ್ದರು. ಅದು ಅಮೆರಿಕದ ಕಾಲೇಜುಗಳಿಗೆ ಮೀಸಲಾದುದಾದರೂ ಅದರಲ್ಲಿ ಹಿಂದೆ ಕೊಟ್ಟ ಸಮಸ್ಯೆಗಳು ನಮ್ಮವರ ಅಭ್ಯಾಸಕ್ಕೆ ಚೆನ್ನಾಗಿವೆ. 1994ರಲ್ಲಿ ಮೂನ್‌ಬಗ್ಗಿ ಓಟವಾಗಿ ಆರಂಭಗೊಂಡ ಅಮೆರಿಕದ ಹಂಟ್ಸ್‌ವಿಲ್‌ನ ರೋವರ್ ಸ್ಪರ್ಧೆಯಲ್ಲೂ, 2007ರಿಂದ ಯೂಟಾ ಮರುಭೂಮಿಯಲ್ಲಿ ನಡೆಯುವ ಯೂನಿವರ್ಸಿಟಿ ರೋವರ್ ಚಾಲೆಂಜ್‌ನಲ್ಲೂ ಭಾರತದ ತಂಡಗಳು ಭಾಗವಹಿಸಿವೆ. ಆದರೆ ಪ್ರಯಾಣದ ವೆಚ್ಚ ಸಣ್ಣದಲ್ಲ. ಬೆಂಗಳೂರಿನಲ್ಲಿರುವ ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ ಏರ್ಪಡಿಸಿದ ರೋಬೋಟಿಕ್ಸ್ ಚಾಲೆಂಜ್‌ನಂತಹ ಸ್ಪರ್ಧೆಯಲ್ಲಿ ಕೈ ಪಳಗಿಸಿಕೊಂಡು ಮುಂದಕ್ಕೆ ಹೋಗುವುದೇ ಜಾಣತನವೆಂದು ನನ್ನ ಅಭಿಪ್ರಾಯ.

ಎರಡನೆಯದಾಗಿ, ಕೊಟ್ಟ ಸಮಸ್ಯೆಯನ್ನು ಕನ್ನಡದಲ್ಲೇ ಆಗಲಿ, ಮಲಯಾಳದಲ್ಲೇ ಆಗಲಿ, ತಂಡದವರು ತಮ್ಮ ಮಾತಿನಲ್ಲಿ ಬರೆದುಕೊಳ್ಳಬೇಕು. ಇಲ್ಲಿ ಅವಸರ ಮಾಡುವವರೇ ಹೆಚ್ಚು. 1971ರಲ್ಲಿ ಅಪೋಲೊ 15ರ ಡೇವಿಡ್ ಸ್ಕಾಟ್ ಚಂದ್ರನ ನೆಲಕ್ಕೆ ಕೊರೆದು ಇಳಿಸಿದ ಮಾದರಿ ಕೊಳವೆ, ಮುರಕಲ್ಲಿಗೆ ಸಿಕ್ಕ ಪಿಕ್ಕಾಸಿನಂತೆ ಅಲ್ಲೇ ಕಚ್ಚಿಕೊಂಡಿತು. ಜೊತೆಗಾರ ಜೇಮ್ಸ್ ಇರ್ವಿನ್ ಕೂಡಿಕೊಂಡು ಎಳೆದರೂ ಅದು ಸುಲಭದಲ್ಲಿ ಬರಲಿಲ್ಲ. ಮುಂದಿನ ಯಾತ್ರೆಗಳಿಗೆ ಅಂತಹ ಕೊಳವೆಯನ್ನು ಮೇಲೆತ್ತಲು ಒಂದು ಜಾಕ್ ಸೇರಿಸಬೇಕಾಯಿತು. ಆದ್ದರಿಂದ ‘ಕೊರೆಯುವುದು’ ಎಂದು ಬರೆದ ಕೂಡಲೇ ‘ಹೊರತೆಗೆಯುವುದು’ ಎಂಬುದನ್ನೂ ಅದರ ಕೆಳಗೆ ಬರೆಯಿರಿ.

ಮೂರನೆಯದು ಕೈಗವಸು. ಗಗನಯಾತ್ರಿಯ ಉಡುಪಿನೊಳಗೆ ನಮ್ಮ ವಾಯುಮಂಡಲದ ಸುಮಾರು 0.3ರಷ್ಟು ಒತ್ತಡವಿದ್ದು, ಹೊರಗೆ ನಿರ್ವಾತವಿರುವುದರಿಂದ ಕೈಗವಸು ಊದಿದ ಬಲೂನಿನಂತೆ ಬಿಗಿಯುತ್ತದೆ. ಬೆರಳು ಮಡಚಿದಷ್ಟು ಸಲವೂ ಆ ಒತ್ತಡಕ್ಕೆ ಎದುರಾಗಿ ಶ್ರಮಿಸಬೇಕಾಗುತ್ತದೆ. ಬಟ್ಟೆಯ ಕೈಗವಸಿನ ಮೇಲೆ ವೆಲ್ಡಿಂಗಿನ ಚರ್ಮದ ಕೈಗವಸು ತೊಟ್ಟು, ನಿಮ್ಮ ಮಾದರಿಯ ಹಿಡಿಯನ್ನು ಐವತ್ತು ಸಲ ಹಿಡಿದು ಬಿಡಿರಿ. ಕೈ ಸೋತರೆ ಹಿಡಿಯನ್ನು ದಪ್ಪ ಮಾಡಬೇಕು, ಸಣ್ಣ ಗುಂಡಿಗಳ ಬದಲು ಇಡೀ ಅಂಗೈಯಿಂದ ಒತ್ತುವ ಸನ್ನೆಯನ್ನು (ಲಿವರ್) ಇಡಬೇಕು. ಚೂಪು ಅಂಚು, ಬೆರಳು ಸಿಕ್ಕಿಕೊಳ್ಳುವ ತೂತು, ಚರ್ಮ ಚಿವುಟುವ ಸಂದು ಯಾವುದೂ ಉಳಿಯಬಾರದು.

ಮಾದರಿಗೆ ಮೊದಲು ಬಿದಿರು, ಪಿವಿಸಿ ಪೈಪು, ರಟ್ಟು ಸಾಕು. ಅಳತೆ ನಿಂತ ಮೇಲೆಯೇ ಲೇತ್ ಇರುವ ವರ್ಕ್‌ಶಾಪಿಗೆ ಹೋಗಬೇಕು.

ಆ ಮೇಲೆ ಪರೀಕ್ಷೆ. ಚಂದ್ರನ ಗುರುತ್ವ ಭೂಮಿಯದರ ಆರರಲ್ಲಿ ಒಂದು ಭಾಗ. ಅಲ್ಲಿ ವಸ್ತುವಿನ ತೂಕ ಇಳಿದರೂ ದ್ರವ್ಯರಾಶಿ ಇಳಿಯುವುದಿಲ್ಲ, ಕೆಳಕ್ಕೆ ಒತ್ತಿದವನನ್ನು ನೆಲ ಮೇಲಕ್ಕೆ ತಳ್ಳುತ್ತದೆ. ಇದರ ರುಚಿ ನೋಡಲು ಉಯ್ಯಾಲೆಯಲ್ಲಿ ಕಾಲು ಎತ್ತಿ ಕುಳಿತು, ಗೋಡೆಯ ಬೋಲ್ಟೊಂದನ್ನು ಸ್ಪ್ಯಾನರಿನಿಂದ ತಿರುಗಿಸಲು ಯತ್ನಿಸಿರಿ. ಬೋಲ್ಟಿಗಿಂತ ಮೊದಲು ನೀವೇ ತಿರುಗುತ್ತೀರಿ. ನೀರಿನೊಳಗೆ ಬಳಸುವ ಸಲಕರಣೆಯಾದರೆ ಪೊಳ್ಳು ಕೊಳವೆಗಳಲ್ಲಿ ಗಾಳಿ ಉಳಿಯದಂತೆ ತೂತು ಬಿಟ್ಟು, ಆ ತೂತು ಬೆರಳು ಹೋಗದಷ್ಟು ಸಣ್ಣದಿರಲಿ.

ಧೂಳನ್ನು ಮರೆಯಬಾರದು. ನಮ್ಮಲ್ಲಿ ಧಾರಾಳ ಸಿಗುವ ಮುರಕಲ್ಲಿನ ಹುಡಿ ಇದಕ್ಕೆ ಹೊಂದುವುದಿಲ್ಲ. ಅದರಲ್ಲಿ ಜೇಡಿಯ ಅಂಶವಿದೆ. ಗಾಳಿ, ನೀರಿನ ಸವೆತವಿಲ್ಲದ ಚಂದ್ರನ ಹುಡಿಯ ಕಣಗಳು ಗಾಜಿನ ಚೂರಿನಂತೆ ಚೂಪು. ಕ್ರಷರಿನ ಕರಿಕಲ್ಲ ಹುಡಿ ಅದಕ್ಕೆ ಸ್ವಲ್ಪ ಹತ್ತಿರ. ಅದನ್ನು ಬಳಸುವಾಗ ಮಾಸ್ಕ್ ಕಡ್ಡಾಯ. 1972ರಲ್ಲಿ ಅಪೋಲೊ 17ರ ಯುಜೀನ್ ಸರ್ನನ್ನರ ಸುತ್ತಿಗೆ ತಾಗಿ ರೋವರಿನ ಮಡ್‌ಗಾರ್ಡ್ ಮುರಿದಾಗ, ಧೂಳಿನಿಂದಾಗಿ ಅಂಟುಪಟ್ಟಿಯೇ ಸರಿಯಾಗಿ ನಿಲ್ಲಲಿಲ್ಲ. ಕೊನೆಗೆ ನಾಲ್ಕು ನಕ್ಷೆಗಳನ್ನು ಅಂಟಿಸಿ ಕ್ಲಾಂಪ್ ಹಾಕಿ ಸುಧಾರಿಸಿದರು.

ಸ್ಪರ್ಧೆಗೆ ಕಳಿಸುವ ಪ್ರಸ್ತಾವವನ್ನು ಕೊನೆಗೆ ಬರೆಯುವ ಅಭ್ಯಾಸ ಬಿಡಬೇಕು. ಪ್ರತಿ ಪರೀಕ್ಷೆಯ ದಿನಾಂಕ, ಅಳತೆ, ಸೋಲು ಮತ್ತು ಬದಲಾವಣೆಗಳನ್ನು ಅದೇ ದಿನ ಪುಸ್ತಕದಲ್ಲಿ ಗುರುತಿಸಿಟ್ಟರೆ ವರದಿಯ ಅರ್ಧ ಕೆಲಸ ಮುಗಿದಂತೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ನಕ್ಷೆ, ಲೆಕ್ಕಾಚಾರಗಳನ್ನು ಆಗ ಮುಗಿಸಿ, ಲೇತ್ ಕೆಲಸವನ್ನು ನವರಾತ್ರಿ ಕಳೆದ ಮೇಲೆ ಇಟ್ಟುಕೊಳ್ಳುವುದು ಅನುಕೂಲ.